ತಂತಿಯಲ್ಲೇ ಉರಿದುಹೋಗುವ ಹಣ: ವೋಲ್ಟ್, ಆಂಪಿಯರ್, ಓಮ್‌ಗಳ ಲೆಕ್ಕ ನಮಗೇಕೆ?

ನಮ್ಮ ಸದಸ್ಯರಲ್ಲಿ ಬಹುಪಾಲು ಜನರು ವರ್ಷಾಂತ್ಯದಲ್ಲಿ ಲಾಭ-ನಷ್ಟದ ತಃಖ್ತೆಯನ್ನು ಮುಂದಿಟ್ಟುಕೊಂಡು ಕುಳಿತಾಗ ಕಚ್ಚಾ ಮಾಲಿನ ಬೆಲೆ, ಕೂಲಿ, ಬ್ಯಾಂಕಿನ ಬಡ್ಡಿ ಇವುಗಳ ಬಗ್ಗೆ ಒಂದೊಂದು ರೂಪಾಯಿಯ ವಿವರಣೆಯನ್ನೂ ಕೇಳುತ್ತಾರೆ. ‘ವಿದ್ಯುತ್ ವೆಚ್ಚ’ ಎಂಬ ಬಾಬ್ತು ಬಂದೊಡನೆ ಮಾತ್ರ ಪುಟ ತಿರುವಿಬಿಡುತ್ತಾರೆ. ದರವನ್ನು ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಬಿಲ್ಲು ಕಳುಹಿಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಕಟ್ಟುವುದು ನಾವು. ಇದರಲ್ಲಿ ಲೆಕ್ಕ ಹಾಕುವಂಥದ್ದು ಏನಿದೆ ಎಂಬ ಭಾವನೆ. ಆದರೆ ಬಿಲ್ಲಿನ ಮೊತ್ತವೆಂದರೆ ದರ ಮತ್ತು ಯೂನಿಟ್ಟುಗಳ ಗುಣಲಬ್ಧ. ದರ ನಮ್ಮ ಕೈಯಲ್ಲಿಲ್ಲದಿದ್ದರೂ ಯೂನಿಟ್ಟು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಹೀಗಿದ್ದೂ ಆ ಯೂನಿಟ್ಟುಗಳಲ್ಲಿ ಎಷ್ಟು ಯಂತ್ರಕ್ಕೆ ತಲುಪಿತು, ಎಷ್ಟು ದಾರಿಯಲ್ಲೇ ಸೋರಿತು ಎಂಬುದನ್ನು ವಿಚಾರಿಸುವವರು ತೀರಾ ಕಡಿಮೆ. ಅಕ್ಕಿ ಮೂಟೆಯಲ್ಲಿ ಎರಡು ಕಿಲೋ ಕಡಿಮೆ ಬಂದರೆ ಗಾಡಿಯನ್ನೇ ವಾಪಸು ಕಳುಹಿಸುವ ನಾವು ವಿದ್ಯುತ್ತಿನ ವಿಷಯದಲ್ಲಿ ತೂಕವನ್ನೇ ನೋಡುವುದಿಲ್ಲ.

ಈ ತೂಕ ನೋಡುವ ವಿಧಾನ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿರುವಂಥದ್ದೇ. ವಾಣಿಜ್ಯ ವಿಭಾಗವನ್ನು ಆರಿಸಿಕೊಂಡ ನನ್ನಂಥವರು ಅದನ್ನು ಅಲ್ಲಿಗೇ ಬಿಟ್ಟು ಬಂದೆವು. 1827ರಲ್ಲಿ ಜರ್ಮನಿಯ ಗೇಯಾರ್ಗ್ ಸೈಮನ್ ಓಮ್ ಪ್ರಕಟಿಸಿದ ನಿಯಮ ಇಷ್ಟೇ: ಒಂದು ತಂತಿಯ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅದರಲ್ಲಿ ಹರಿಯುವ ಆಂಪಿಯರ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ ಆ ತಂತಿಯ ರೋಧ, ಅದರ ಮಾನ ಓಮ್. ಅದೇ ವೋಲ್ಟೇಜನ್ನು ಆಂಪಿಯರ್‌ನಿಂದ ಗುಣಿಸಿದರೆ ಬರುವುದು ವ್ಯಾಟ್, ಅಂದರೆ ಶಕ್ತಿ ವ್ಯಯವಾಗುವ ವೇಗ. ಸಾವಿರ ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಭಾಗಾಕಾರದಿಂದ ಒಂದು, ಗುಣಾಕಾರದಿಂದ ಇನ್ನೊಂದು. ಇವೆರಡನ್ನು ಕೂಡಿಸಿದಾಗ ಮೂರನೆಯದೊಂದು ಹೊರಬೀಳುತ್ತದೆ: ಆಂಪಿಯರ್‌ನ ವರ್ಗವನ್ನು ಓಮ್‌ನಿಂದ ಗುಣಿಸಿದರೂ ವ್ಯಾಟ್ ಬರುತ್ತದೆ. ವರ್ತಕರ ಹಣ ಕರಗುವುದು ಈ ‘ವರ್ಗ’ ಎಂಬ ಪದದಲ್ಲಿ. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಕಳೆದುಹೋಗುವ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿ.

ಒಂದು ಪ್ರಕರಣವನ್ನು ನೋಡೋಣ. ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನ ಕಡೆ ರೇಷ್ಮೆ ನೂಲಿನ ಅಂಟು ತೆಗೆದು ಬಣ್ಣ ಹಾಕಿಕೊಡುವ ಸಣ್ಣ ಘಟಕದ ಮಾಲೀಕರೊಬ್ಬರು ನನ್ನ ಕಕ್ಷಿದಾರರು. ಕುದಿನೀರು ಅವರ ಕಸುಬಿನ ಜೀವಾಳ. ಸೌದೆಯ ತೊಂದರೆಯಿಂದ ಬೇಸತ್ತು ವಿದ್ಯುತ್ ಹೀಟರ್ ಹಾಕಿಸಿದ್ದರು. ನೀರು ಕಾಯಲು ತಡವಾಗುತ್ತಿದೆ, ಕೆಲಸ ಸಾಗುತ್ತಿಲ್ಲ, ಆದ್ದರಿಂದ ಅಂಥದ್ದೇ ಇನ್ನೊಂದು ಹೀಟರ್ ಕೊಳ್ಳಲು ಸಾಲದ ಅರ್ಜಿಗೆ ಯೋಜನಾ ವರದಿ ಬೇಕು ಎಂದು ಬಂದರು. ಹೀಟರ್‌ನ ಫಲಕದ ಮೇಲೆ 230 ವೋಲ್ಟ್, 3 ಕಿಲೋವ್ಯಾಟ್ ಎಂದಿತ್ತು. ಮೂರು ಕಿಲೋವ್ಯಾಟ್‌ನ ಹೀಟರ್ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 25 ದಿನ, ಅಂದರೆ 200 ಗಂಟೆ ನಡೆದರೆ 600 ಯೂನಿಟ್ ಆಗಬೇಕು. ಬಿಲ್ಲಿನಲ್ಲಿ ಹೀಟರ್‌ನ ಪಾಲಿಗೆ ಬರುತ್ತಿದ್ದುದು ಸುಮಾರು 550 ಮಾತ್ರ. ಯೂನಿಟ್ ಕಡಿಮೆ ಬಂದಿದೆಯಲ್ಲ ಎಂದು ಅವರಿಗೆ ಸಮಾಧಾನವಿತ್ತು; ನನಗೆ ಅದೇ ಸಂಶಯಕ್ಕೆ ಕಾರಣವಾಯಿತು. ಗುಣಾಕಾರ ತಾಳೆಯಾಗದಿದ್ದರೆ ಎಲ್ಲೋ ಒಂದು ಸಂಖ್ಯೆ ನಾವು ಅಂದುಕೊಂಡಂತಿಲ್ಲ ಎಂದೇ ಅರ್ಥ.

ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಅಳತೆ ಮಾಡಿಸಲಾಯಿತು. ಮೂರೇ ಅಂಕಿ. ಹೀಟರ್ ಉರಿಯುತ್ತಿರುವಾಗ ಮೀಟರ್ ಬಳಿ 230 ವೋಲ್ಟ್; ಶೆಡ್ಡಿನಲ್ಲಿ ಹೀಟರ್‌ನ ತುದಿಯಲ್ಲಿ 205 ವೋಲ್ಟ್; ತಂತಿಯಲ್ಲಿ ಹರಿಯುತ್ತಿದ್ದುದು 12 ಆಂಪಿಯರ್. ಮೀಟರ್ ಇದ್ದದ್ದು ರಸ್ತೆಯ ಬದಿಯ ಮನೆಯಲ್ಲಿ, ಶೆಡ್ ಹಿತ್ತಲಾಚೆಯ ಜಮೀನಿನಲ್ಲಿ. ನಡುವೆ ಸುಮಾರು 150 ಮೀಟರ್ ದೂರಕ್ಕೆ 4 ಚದರ ಮಿಲಿಮೀಟರ್‌ನ ಅಲ್ಯೂಮಿನಿಯಂ ಕೇಬಲ್ ಎಳೆದಿದ್ದರು.

ಈಗ ಲೆಕ್ಕ. ದಾರಿಯಲ್ಲಿ ಕಳೆದುಹೋದದ್ದು 25 ವೋಲ್ಟ್. ಅದನ್ನು 12ರಿಂದ ಭಾಗಿಸಿದರೆ ತಂತಿಯ ರೋಧ 2.08 ಓಮ್. ಅದನ್ನು 12ರಿಂದ ಗುಣಿಸಿದರೆ 300 ವ್ಯಾಟ್. ಅಂದರೆ ಬೆಳಗಿನಿಂದ ಸಂಜೆಯವರೆಗೆ ಮೂರು 100 ವ್ಯಾಟ್ ಬಲ್ಬುಗಳಷ್ಟು ಶಕ್ತಿ ಹಿತ್ತಲಿನ ಮಣ್ಣನ್ನು ಬೆಚ್ಚಗೆ ಮಾಡುತ್ತಿತ್ತು. ತಿಂಗಳಿಗೆ 200 ಗಂಟೆಗೆ 60 ಯೂನಿಟ್. ಅಳತೆ ಸರಿಯೇ ಎಂಬುದಕ್ಕೆ ಇನ್ನೊಂದು ತಾಳೆಯನ್ನೂ ನೋಡಬಹುದು. ಅಲ್ಯೂಮಿನಿಯಂ ತಂತಿಯ ಒಂದು ಮೀಟರ್ ಉದ್ದಕ್ಕೆ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತಕ್ಕೆ ರೋಧ ಸುಮಾರು 0.028 ಓಮ್. ಹೋಗುವ ತಂತಿ 150, ಬರುವ ತಂತಿ 150, ಒಟ್ಟು 300 ಮೀಟರ್. 300ನ್ನು 0.028ರಿಂದ ಗುಣಿಸಿ 4ರಿಂದ ಭಾಗಿಸಿದರೆ 2.1 ಓಮ್. ಎರಡು ಬೇರೆ ಬೇರೆ ದಾರಿಗಳಿಂದ ಒಂದೇ ಉತ್ತರ ಬಂದಾಗ ಲೆಕ್ಕಪರಿಶೋಧಕನಿಗೆ ಆಗುವ ಸಂತೋಷವೇ ಬೇರೆ. ಬರುವ ತಂತಿಯನ್ನು ಮರೆತು ಉದ್ದವನ್ನು ಅರ್ಧ ಹಿಡಿಯುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಇದಕ್ಕಿಂತ ದೊಡ್ಡ ಸಂಗತಿ ಹೀಟರ್‌ನ ತುದಿಯಲ್ಲಿತ್ತು. 205 ವೋಲ್ಟನ್ನು 12 ಆಂಪಿಯರ್‌ನಿಂದ ಭಾಗಿಸಿದರೆ ಹೀಟರ್‌ನ ರೋಧ 17.08 ಓಮ್. ಇದೇ ಹೀಟರ್‌ಗೆ 230 ವೋಲ್ಟ್ ಸಿಕ್ಕಿದ್ದರೆ, 230ರ ವರ್ಗವನ್ನು 17.08ರಿಂದ ಭಾಗಿಸಿದಾಗ ಸುಮಾರು 3,100 ವ್ಯಾಟ್. ಫಲಕದಲ್ಲಿ ಬರೆದಿರುವುದಕ್ಕೆ ಇದು ಸಮೀಪವಾಗಿಯೇ ಇದೆ, ಹೀಟರ್‌ನಲ್ಲಿ ದೋಷವಿಲ್ಲ. ಆದರೆ ಅದಕ್ಕೆ ಸಿಗುತ್ತಿರುವುದು 205ನ್ನು 12ರಿಂದ ಗುಣಿಸಿದ 2,460 ವ್ಯಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ಶೇಕಡ 11ರಷ್ಟು. ಶಾಖ ಇಳಿದದ್ದು ಶೇಕಡ 20ಕ್ಕೂ ಹೆಚ್ಚು. ಇಲ್ಲಿಯೂ ಆ ವರ್ಗದ್ದೇ ಕೈವಾಡ. ನೀರು ತಡವಾಗಿ ಕಾಯುತ್ತಿದ್ದುದಕ್ಕೆ ಕಾರಣ ಹೀಟರ್ ಚಿಕ್ಕದಾಗಿದ್ದುದಲ್ಲ, ತಂತಿ ತೆಳ್ಳಗಿದ್ದುದು.

ಮಾಲೀಕರು ಯೋಜಿಸಿದಂತೆ ಅದೇ ತಂತಿಗೆ ಇನ್ನೊಂದು ಹೀಟರ್ ಸೇರಿಸಿದ್ದರೆ ಏನಾಗುತ್ತಿತ್ತು? ಅಕ್ಕಪಕ್ಕ ಜೋಡಿಸಿದ ಎರಡು ಹೀಟರ್‌ಗಳ ಒಟ್ಟು ರೋಧ ಒಂದರ ಅರ್ಧ, ಅಂದರೆ 8.54 ಓಮ್. ತಂತಿಯ 2.08 ಸೇರಿ 10.62. 230ನ್ನು ಅದರಿಂದ ಭಾಗಿಸಿದರೆ 21.7 ಆಂಪಿಯರ್. ಎರಡು ಹೀಟರ್‌ಗಳಿಗೆ ಸೇರಿ ಸಿಗುವುದು ಸುಮಾರು 4,000 ವ್ಯಾಟ್. ಫಲಕದ ಪ್ರಕಾರ 6,000 ಸಿಗಬೇಕಾದದ್ದು. ತಂತಿಯಲ್ಲಿ ಉರಿದುಹೋಗುವುದು 975 ವ್ಯಾಟ್‌ನಷ್ಟು, ಮೊದಲಿದ್ದ 300ರ ಮೂರು ಪಟ್ಟಿಗೂ ಅಧಿಕ. ಸಾಲ ಮಾಡಿ ತಂದ ಯಂತ್ರ ಅರ್ಧ ಮನಸ್ಸಿನಿಂದ ದುಡಿಯುತ್ತಿತ್ತು, ಕೇಬಲ್ ಮಾತ್ರ ಪೂರ್ಣ ಮನಸ್ಸಿನಿಂದ ಕಾಯುತ್ತಿತ್ತು. ಯೋಜನಾ ವರದಿಯನ್ನು ನಾನು ಸಿದ್ಧಪಡಿಸಲಿಲ್ಲ.

ಬದಲಿಗೆ 10 ಚದರ ಮಿಲಿಮೀಟರ್‌ನ ಅಲ್ಯೂಮಿನಿಯಂ ಕೇಬಲ್ ಹಾಕಿದರೆ ಹೇಗೆ ಎಂದು ಪರಿಶೀಲಿಸಲಾಯಿತು. ರೋಧ 0.84 ಓಮ್‌ಗೆ ಇಳಿಯುತ್ತದೆ. ಹೀಟರ್ ಸೇರಿ 17.92. ಪ್ರವಾಹ 12.8 ಆಂಪಿಯರ್, ಹೀಟರ್‌ಗೆ ತಲುಪುವುದು ಸುಮಾರು 2,814 ವ್ಯಾಟ್. ಮೊದಲು 200 ಗಂಟೆಯಲ್ಲಿ ನೀರಿಗೆ ಸೇರುತ್ತಿದ್ದ ಶಾಖ 492 ಯೂನಿಟ್. ಅದೇ ಶಾಖವನ್ನು ಈಗ 175 ಗಂಟೆಯಲ್ಲಿ ಕೊಡಬಹುದು. ಮೀಟರ್‌ನಲ್ಲಿ ಮೊದಲು ದಾಖಲಾಗುತ್ತಿದ್ದುದು 552 ಯೂನಿಟ್, ಈಗ 516. ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಹಿಡಿದರೆ 36 ಯೂನಿಟ್ಟಿಗೆ ತಿಂಗಳಿಗೆ 252 ರೂಪಾಯಿ, ವರ್ಷಕ್ಕೆ 3,024 ರೂಪಾಯಿ ಉಳಿತಾಯ.

ಇಷ್ಟೇನಾ ಎಂದು ಓದುಗರು ಕೇಳಬಹುದು. ತಿಂಗಳಿಗೆ ಮಿಕ್ಕುವ 25 ಗಂಟೆಗಳನ್ನು ಇದರೊಂದಿಗೆ ಸೇರಿಸಿಕೊಳ್ಳಬೇಕು. ನೀರು ಕಾಯುವವರೆಗೆ ಕೈಕಟ್ಟಿ ಕುಳಿತ ಇಬ್ಬರು ಕೆಲಸಗಾರರ ವೇತನವನ್ನು ಗಂಟೆಗೆ ಒಟ್ಟು 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 2,500, ವರ್ಷಕ್ಕೆ 30,000 ರೂಪಾಯಿ. ವಿದ್ಯುತ್ ಉಳಿತಾಯದ ಹತ್ತು ಪಟ್ಟು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮಾಸಿಕ ವೇತನದ ಕೆಲಸಗಾರನಿಗೆ ಕೆಲಸ ಬೇಗ ಮುಗಿದರೂ ವೇತನ ಅಷ್ಟೇ. ಉಳಿದ 25 ಗಂಟೆಗೆ ಬೇರೆ ಆರ್ಡರ್ ಇದ್ದರೆ ಮಾತ್ರ ಆ 30,000 ಹಣವಾಗಿ ಬರುತ್ತದೆ. ಇಲ್ಲವಾದರೆ ಅದು ಕಾಗದದ ಮೇಲಿನ ಲಾಭ. ಆದ್ದರಿಂದ ಕೇಬಲ್‌ನ ದರಪಟ್ಟಿಯನ್ನು ತುಲನೆ ಮಾಡುವಾಗ 3,024ನ್ನು ಖಚಿತ ಬಾಬ್ತಿನಲ್ಲಿಯೂ, 30,000ವನ್ನು ಸಂಭವನೀಯ ಬಾಬ್ತಿನಲ್ಲಿಯೂ ಬೇರೆ ಬೇರೆ ಬರೆದುಕೊಳ್ಳುವುದು ಕ್ಷೇಮ. ಉಪಕರಣ ಮಾರುವವರ ಕರಪತ್ರಗಳಲ್ಲಿ ಎರಡನ್ನೂ ಸೇರಿಸಿ ಒಂದೇ ದೊಡ್ಡ ಅಂಕಿಯಾಗಿ ಅಚ್ಚು ಹಾಕಿಸುತ್ತಾರೆ.

ತಂತಿ, ದೂರ, ವೋಲ್ಟೇಜ್ ಇವುಗಳ ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಕೊಳ್ಳೇಗಾಲದಿಂದ ಅತಿ ದೂರವೇನೂ ಅಲ್ಲದ ಶಿವನಸಮುದ್ರದಲ್ಲಿ 1902ರಲ್ಲೇ ಇದನ್ನು ಬೃಹತ್ ಪ್ರಮಾಣದಲ್ಲಿ ಬಿಡಿಸಲಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಯೋಜನೆಯ ಮೊದಲ ಗ್ರಾಹಕರು ಊರಿನವರಲ್ಲ. 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಕಂಪನಿಗಳು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ನಮ್ಮ ರಾಜ್ಯಕ್ಕೆ ಬಂದದ್ದು 1956ರಲ್ಲಿ.

ಆ ಕಾಲಕ್ಕೆ ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಉದಾಹರಣೆಗಳು ಪ್ರಪಂಚದಲ್ಲೇ ವಿರಳವಾಗಿದ್ದವು. ಅದಕ್ಕೆ ಅವರು ಆರಿಸಿಕೊಂಡದ್ದು 35,000 ವೋಲ್ಟ್. ಏಕೆ? ಮೂರು ಫೇಸ್‌ನಲ್ಲಿ 3,000 ಕಿಲೋವ್ಯಾಟ್ ಸಾಗಿಸಬೇಕೆಂದು ಇಟ್ಟುಕೊಳ್ಳೋಣ. 35,000 ವೋಲ್ಟ್‌ನಲ್ಲಿ ಒಂದೊಂದು ತಂತಿಯಲ್ಲಿ ಹರಿಯುವುದು ಸುಮಾರು 50 ಆಂಪಿಯರ್. ಕೇವಲ ಲೆಕ್ಕಕ್ಕಾಗಿ 50 ಚದರ ಮಿಲಿಮೀಟರ್‌ನ ತಾಮ್ರದ ತಂತಿ ಎಂದು ಊಹಿಸಿದರೆ ಅಷ್ಟು ದೂರಕ್ಕೆ ಅದರ ರೋಧ ಸುಮಾರು 50 ಓಮ್. 50ರ ವರ್ಗ 2,500; ಅದನ್ನು 50 ಓಮ್‌ನಿಂದಲೂ ಮೂರು ತಂತಿಗಳಿಂದಲೂ ಗುಣಿಸಿದರೆ 375 ಕಿಲೋವ್ಯಾಟ್. ಎಂಟರಲ್ಲಿ ಒಂದು ಪಾಲು ದಾರಿಯಲ್ಲಿ ಹೋಗುತ್ತದೆ, ವ್ಯಾಪಾರ ಗಿಟ್ಟುತ್ತದೆ. ಇದನ್ನೇ ನಮ್ಮ ಕಾರ್ಖಾನೆಗಳ 400 ವೋಲ್ಟ್‌ನಲ್ಲಿ ಕಳುಹಿಸಲು ಹೊರಟರೆ 4,330 ಆಂಪಿಯರ್ ಬೇಕು. ಪ್ರವಾಹ ಎಂಬತ್ತೇಳೂವರೆ ಪಟ್ಟು, ತಂತಿಯ ಶಾಖ ಏಳು ಸಾವಿರದ ಆರುನೂರು ಪಟ್ಟಿಗೂ ಮಿಗಿಲು. ಕಳುಹಿಸುವ ಮಾತೇ ಇಲ್ಲ. ಮುಳ್ಳೂರಿನ ಹಿತ್ತಲಿನ ಕೇಬಲ್ಲಿಗೂ ಕೋಲಾರದ ಲೈನಿಗೂ ಲೆಕ್ಕ ಒಂದೇ. ಅವರಿಗೆ ವೋಲ್ಟೇಜನ್ನು ಏರಿಸುವ ಅವಕಾಶವಿತ್ತು, ನಮಗೆ ತಂತಿಯನ್ನು ದಪ್ಪ ಮಾಡುವ ಅಥವಾ ಮೀಟರನ್ನು ಶೆಡ್ಡಿನ ಹತ್ತಿರಕ್ಕೆ ತರುವ ಅವಕಾಶ ಮಾತ್ರ ಇದೆ.

ಇದುವರೆಗೆ ಹೇಳಿದ್ದು ಹೀಟರ್, ಇಸ್ತ್ರಿಪೆಟ್ಟಿಗೆ, ಒಲೆ ಮುಂತಾದ ಶಾಖದ ಉಪಕರಣಗಳಿಗೆ ನೇರವಾಗಿ ಅನ್ವಯಿಸುತ್ತದೆ. ಹಳೆಯ ಬುರುಡೆ ಬಲ್ಬಿಗೂ ಅನ್ವಯಿಸುತ್ತದೆ, ಆದರೆ ಉರಿಯುತ್ತಿರುವಾಗ ಮಾತ್ರ. 100 ವ್ಯಾಟ್‌ನ ಬಲ್ಬಿನ ರೋಧ ಲೆಕ್ಕದ ಪ್ರಕಾರ 529 ಓಮ್. ಆರಿದ ಬಲ್ಬನ್ನು ಮೀಟರ್ ಹಿಡಿದು ನೋಡಿದರೆ 40 ಓಮ್ ಆಸುಪಾಸು ತೋರಿಸುತ್ತದೆ. ಕಾದ ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಿರುವಾಗಿನ ಹತ್ತಾರು ಪಟ್ಟು ಹೆಚ್ಚುತ್ತದೆ. ಮೀಟರ್ ಕೆಟ್ಟಿದೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಮೋಟಾರಿನ ವಿಷಯ ಬೇರೆ. ಹಿಟ್ಟಿನ ಗಿರಣಿ, ಹುರಿ ಹಾಕುವ ಯಂತ್ರ, ವಿದ್ಯುತ್ ಮಗ್ಗ, ನೀರೆತ್ತುವ ಪಂಪು ಇವುಗಳಲ್ಲಿ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ಬರುವುದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಅದರಲ್ಲಿ ನಿಜವಾಗಿ ಕೆಲಸ ಮಾಡುವ ಭಾಗವನ್ನು ಪವರ್ ಫ್ಯಾಕ್ಟರ್ ತಿಳಿಸುತ್ತದೆ. 230 ವೋಲ್ಟ್‌ನಲ್ಲಿ 10 ಆಂಪಿಯರ್ ಎಳೆಯುವ ಮೋಟಾರು ವ್ಯಾಟ್ ಮೀಟರ್‌ನಲ್ಲಿ 1,600 ತೋರಿಸಿದರೆ, 1,600ನ್ನು 2,300ರಿಂದ ಭಾಗಿಸಿ, ಸುಮಾರು 0.70. ಇದೇ ಮೋಟಾರಿಗೆ ಸೂಕ್ತ ಕೆಪಾಸಿಟರ್ ಜೋಡಿಸಿ ಅದನ್ನು 0.95ಕ್ಕೆ ಏರಿಸಿದರೆ ಅದೇ 1,600 ವ್ಯಾಟ್‌ಗೆ 7.3 ಆಂಪಿಯರ್ ಸಾಕು. ಆಗ ತಂತಿಯಲ್ಲಿನ ನಷ್ಟ ಮೊದಲಿನ ಶೇಕಡ 54ಕ್ಕೆ ಇಳಿಯುತ್ತದೆ. ಬಹಳ ಮಂದಿ ದಂಡದ ಭಯದಿಂದ ಕೆಪಾಸಿಟರನ್ನು ಮೀಟರ್ ಬೋರ್ಡಿನ ಪಕ್ಕದಲ್ಲೇ ಕೂರಿಸುತ್ತಾರೆ. ಅದರಿಂದ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್‌ನ ಅಧಿಕಭಾರ ತಪ್ಪಬಹುದು. ಆದರೆ ಬೋರ್ಡಿನಿಂದ ಮೋಟಾರಿನವರೆಗಿನ ತಂತಿಯಲ್ಲಿ ಅದೇ 10 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಕೆಪಾಸಿಟರ್ ಇರಬೇಕಾದ ಸ್ಥಳ ಮೋಟಾರಿನ ಹತ್ತಿರ.

ಮೂರು ಫೇಸ್ ಆದರೆ 1.732ರಿಂದಲೂ ಗುಣಿಸಬೇಕು. ಒಂದು ಅಶ್ವಶಕ್ತಿ 746 ವ್ಯಾಟ್. ಫಲಕದ ಮೇಲಿನ ಅಶ್ವಶಕ್ತಿ ಮೋಟಾರಿನ ದಂಡದಿಂದ ಹೊರಬರುವ ಶಕ್ತಿಯೇ ಹೊರತು ತಂತಿಯಿಂದ ಒಳಹೋಗುವ ಶಕ್ತಿಯಲ್ಲ. 5 ಅಶ್ವಶಕ್ತಿಯ ಮೋಟಾರು ಶೇಕಡ 85ರ ದಕ್ಷತೆಯಲ್ಲಿ ಪೂರ್ಣ ಭಾರದಲ್ಲಿ ಎಳೆಯುವುದು 3.73 ಅಲ್ಲ, ಸುಮಾರು 4.4 ಕಿಲೋವ್ಯಾಟ್.

ವೋಲ್ಟೇಜ್ ಇಳಿದಾಗ ಹೀಟರ್ ಸೌಮ್ಯವಾಗುತ್ತದೆ, ಭಾರ ಹೊತ್ತ ಮೋಟಾರು ವ್ಯಗ್ರವಾಗುತ್ತದೆ. ಗಿರಣಿಯ ಕಲ್ಲು ತಿರುಗಲೇಬೇಕಾದ್ದರಿಂದ ಕಡಿಮೆ ವೋಲ್ಟ್‌ಗೆ ಪ್ರತಿಯಾಗಿ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಪ್ರವಾಹ ಶೇಕಡ 20 ಹೆಚ್ಚಿದರೆ ವೈಂಡಿಂಗ್‌ನಲ್ಲಿ ಶಾಖ ಶೇಕಡ 44 ಹೆಚ್ಚುತ್ತದೆ. ಪ್ರತಿ ಬೇಸಿಗೆಯಲ್ಲಿಯೂ ಮೋಟಾರು ಸುಟ್ಟಿತೆಂದು ರಿವೈಂಡಿಂಗ್ ರಸೀದಿ ತರುವ ಸದಸ್ಯರು ಮುಂದಿನ ಬಾರಿ ಯಂತ್ರ ನಡೆಯುತ್ತಿರುವಾಗ ಮೋಟಾರಿನ ತುದಿಯ ವೋಲ್ಟೇಜ್ ಬರೆಸಿಕೊಂಡು ಬಂದರೆ ಒಳ್ಳೆಯದು. ಯಂತ್ರ ನಿಂತಿರುವಾಗ ಅಳೆದ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. ಪ್ರವಾಹವೇ ಇಲ್ಲದಿದ್ದಾಗ ತಂತಿ ಎಷ್ಟೇ ತೆಳ್ಳಗಿದ್ದರೂ ಎರಡು ತುದಿಗಳಲ್ಲಿಯೂ ಒಂದೇ ಅಂಕಿ ಕಾಣುತ್ತದೆ. ಮೀಟರ್ ಬಳಿಯೇ ವೋಲ್ಟೇಜ್ ಕಡಿಮೆಯಿದ್ದರೆ ದೋಷ ನಮ್ಮ ತಂತಿಯದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಾವಳಿ ಇಟ್ಟಿದ್ದ ಶೇಕಡ 6ರ ಮಿತಿಯನ್ನೇ ಅಳತೆಗೋಲಾಗಿ ಹಿಡಿದರೆ 230ಕ್ಕೆ ಕೆಳಗಿನ ಅಂಚು 216 ವೋಲ್ಟ್. ಅದಕ್ಕೂ ಕಡಿಮೆ ಬರುತ್ತಿದ್ದರೆ ದಿನಾಂಕ, ವೇಳೆ, ಅಂಕಿಗಳ ಸಹಿತ ಲಿಖಿತ ದೂರು ಕೊಡಬೇಕು. ‘ಕರೆಂಟು ಸರಿಯಿಲ್ಲ’ ಎಂಬ ಬಾಯಿಮಾತಿನ ದೂರಿಗೂ ಹತ್ತು ದಿನಗಳ ಪಟ್ಟಿಯಿರುವ ದೂರಿಗೂ ಕಚೇರಿಯಲ್ಲಿ ಸಿಗುವ ಮರ್ಯಾದೆ ಬೇರೆ ಬೇರೆ.

ಇನ್ನು ಅಪಾಯದ ಮಾತು. ಸಡಿಲವಾದ ಒಂದು ಜೋಡಣೆಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. 12 ಆಂಪಿಯರ್ ಹರಿದರೆ ಅಲ್ಲಿ ಬೀಳುವುದು ಬರೀ 6 ವೋಲ್ಟ್. ಯಾರ ಗಮನಕ್ಕೂ ಬಾರದು. ಆದರೆ 144ರ ಅರ್ಧ 72 ವ್ಯಾಟ್ ಶಾಖ ಕಡಲೆಕಾಳಿನಷ್ಟು ಜಾಗದಲ್ಲಿ ಸತತವಾಗಿ ಹುಟ್ಟುತ್ತಿರುತ್ತದೆ. ಸಾಮಾನ್ಯ ಬೆಸುಗೆ ಕಡ್ಡಿಯ ಶಕ್ತಿ ಇದಕ್ಕಿಂತ ಕಡಿಮೆ. ಫ್ಯೂಸಾಗಲಿ ಎಂಸಿಬಿಯಾಗಲಿ ಇದನ್ನು ತಡೆಯಲಾರದು, ಏಕೆಂದರೆ ಆಂಪಿಯರ್ ಹೆಚ್ಚಿಲ್ಲ. ಮೇಲೆ ರೇಷ್ಮೆ ನೂಲಿನ ಲಡಿಗಳು ತೂಗುತ್ತಿದ್ದರೆ ಅಥವಾ ಪಕ್ಕದಲ್ಲಿ ಗೋಣಿಚೀಲಗಳ ರಾಶಿ ಇದ್ದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ತಂತಿಗೆ ಕೈಯಲ್ಲಿ ಹೊಸೆದು ಟೇಪು ಸುತ್ತಿದ ಜೋಡಣೆಗಳನ್ನು ಮೊದಲು ತೆಗೆಸಿ, ಸೂಕ್ತ ಲಗ್‌ಗಳನ್ನು ಹಾಕಿಸಬೇಕು.

ವಿಮೆ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಪಾಲಿಸಿಯ ಹೊರಗಿಡುವ ಕಲಮುಗಳನ್ನು ಒಮ್ಮೆ ಓದುವುದು ಒಳಿತು. ಅಗ್ನಿ ವಿಮೆಯಲ್ಲಿ ಸಾಮಾನ್ಯವಾಗಿ ಶಾರ್ಟ್ ಸರ್ಕ್ಯೂಟ್, ಅತಿಭಾರ, ಸ್ವಯಂ ಕಾಯುವಿಕೆ ಇವುಗಳಿಂದ ಹಾಳಾದ ಆ ನಿರ್ದಿಷ್ಟ ಯಂತ್ರಕ್ಕೆ ಅಥವಾ ವೈರಿಂಗ್‌ಗೆ ಪರಿಹಾರವಿರುವುದಿಲ್ಲ. ಅಲ್ಲಿಂದ ಹಬ್ಬಿದ ಬೆಂಕಿಯಿಂದ ಇತರ ಸ್ವತ್ತಿಗೆ ಆದ ನಷ್ಟಕ್ಕೆ ಮಾತ್ರ ಇರುತ್ತದೆ. ಸುಟ್ಟ ಮೋಟಾರಿಗೆ ಪರಿಹಾರ ಬೇಕಾದರೆ ಯಂತ್ರಗಳ ಕೆಡುವಿಕೆಯ ವಿಮೆಯನ್ನು ಪ್ರತ್ಯೇಕವಾಗಿ ಮಾಡಿಸಿರಬೇಕು.

ಕೊನೆಯದಾಗಿ ಲೆಕ್ಕಪತ್ರದ ಎರಡು ವಿಷಯಗಳು. ವಿದ್ಯುತ್ತಿನ ಮೇಲೆ ಜಿಎಸ್‌ಟಿ ಇಲ್ಲವಾದ್ದರಿಂದ ಬಿಲ್ಲಿನಲ್ಲಿ ಹೂಡುವಳಿ ತೆರಿಗೆಯ ಜಮೆಯೂ ಇಲ್ಲ; ತಂತಿಯಲ್ಲಿ ಸೋರಿದ ಪ್ರತಿ ಯೂನಿಟ್ ಪೂರ್ತಿಯಾಗಿ ನಮ್ಮದೇ ಖರ್ಚು. ಕೇಬಲ್, ಕೆಪಾಸಿಟರ್ ಖರೀದಿಯ ಮೇಲೆ ಜಿಎಸ್‌ಟಿ ಇದೆ. ನೋಂದಾಯಿತ ಸದಸ್ಯರು ಬಿಲ್ಲನ್ನು ಮನೆಯ ಹೆಸರಿನಲ್ಲಿ ಮಾಡಿಸದೆ ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆಯಲ್ಲಿ ಮಾಡಿಸಿದರೆ, ಅರ್ಹತೆಯಿದ್ದಲ್ಲಿ ಜಮೆ ಪಡೆಯಬಹುದು. ಹಳೆಯ ತಂತಿ ತೆಗೆದು ಅದೇ ಶೆಡ್ಡಿಗೆ ಹೊಸದನ್ನು ಹಾಕಿಸಿದ ವೆಚ್ಚ ಸಾಮಾನ್ಯವಾಗಿ ದುರಸ್ತಿಯ ಖಾತೆಗೆ ಹೋಗುತ್ತದೆ. ಹೊಸ ಶೆಡ್ಡಿಗೆ ಎಳೆಸಿದ ಹೊಸ ಲೈನು ಸ್ಥಿರಾಸ್ತಿಯಾಗಿ ಸವಕಳಿಗೆ ಒಳಪಡುತ್ತದೆ. ಎರಡು ಕೆಲಸಗಳನ್ನೂ ಒಬ್ಬನೇ ಗುತ್ತಿಗೆದಾರನಿಂದ ಮಾಡಿಸುವವರು ಬಿಲ್ಲುಗಳನ್ನು ಬೇರೆ ಬೇರೆಯಾಗಿ ಪಡೆದುಕೊಳ್ಳಬೇಕು. ಮುಳ್ಳೂರಿನ ಘಟಕದವರು ಪಡೆದುಕೊಂಡಿದ್ದರು. ಅವರು ಈಗಲೂ ಒಂದೇ ಹೀಟರ್‌ನಲ್ಲಿ ಕೆಲಸ ನಡೆಸುತ್ತಿದ್ದಾರೆ.